ಹಾವೇರಿ ಸೀಮೆಯ ಅಡುಗೆಮನೆಯಲ್ಲಿ ಎಸ್ಪ್ರೆಸೊ: ಯಂತ್ರದ ಆಯುಷ್ಯ ನೀರಿನಲ್ಲಿದೆ

ಒತ್ತಡದ ಬಲದಿಂದ ಇಳಿಸಿದ ಗಟ್ಟಿ ಡಿಕಾಕ್ಷನ್ನೇ ಎಸ್ಪ್ರೆಸೊ. ನುಣ್ಣಗೆ ಬೀಸಿ, ಲೋಹದ ಬಟ್ಟಲಿನಲ್ಲಿ ಅದುಮಿ ಕೂರಿಸಿದ ಕಾಫಿ ಪುಡಿಯ ಮೂಲಕ 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ನೂಕಿದರೆ 25–30 ಸೆಕೆಂಡುಗಳಲ್ಲಿ ದಟ್ಟ ಕಂದು ದ್ರವ ಇಳಿಯುತ್ತದೆ. ಅದರ ಮೇಲೆ ಕಟ್ಟುವ ಹೊಂಬಣ್ಣದ ತೆಳು ನೊರೆಗೆ ಕ್ರೆಮಾ ಎಂದು ಹೆಸರು. ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿನಲ್ಲಿ ನೀರು ತನ್ನ ತೂಕದಿಂದಷ್ಟೇ ಜಿನುಗಿ ಇಳಿಯಬೇಕಾದ್ದರಿಂದ ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ. ಒತ್ತಡ ಆ ಕೆಲಸವನ್ನು ಅರ್ಧ ನಿಮಿಷಕ್ಕೆ ಮುಗಿಸುವುದರ ಜೊತೆಗೆ ಫಿಲ್ಟರಿನಿಂದ ಆಗದ ಇನ್ನೊಂದನ್ನೂ ಮಾಡುತ್ತದೆ: ಹುರಿದ ಬೀಜದ ಎಣ್ಣೆಯಂಶವನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಸುತ್ತದೆ. ಎಸ್ಪ್ರೆಸೊದ ಮೈಗಟ್ಟು ಬರುವುದು ಅಲ್ಲಿಂದ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಈ ಹೆಸರು ಹೊಸದಲ್ಲ. ಮದುವೆ ಮನೆಯ ಒಂದು ಮೂಲೆಯಲ್ಲಿ ಹೊಳೆಯುವ ಉರುಟು ಪಾತ್ರೆ, ಅದರ ಕೆಳಗೆ ಗ್ಯಾಸ್ ಉರಿ, ಪಕ್ಕದಲ್ಲಿ ಬುಸುಗುಡುವ ನಳಿಕೆ, ಸುತ್ತ ಕೈಚಾಚಿ ನಿಂತ ಮಂದಿ: ‘ಎಸ್ಪ್ರೆಸೊ ಕಾಫಿ’ ಎಂದರೆ ಬಹುಪಾಲು ಜನರ ಕಣ್ಣಿಗೆ ಬರುವುದು ಈ ಚಿತ್ರವೇ. ಅಲ್ಲಿ ಹಾಲು, ಸಕ್ಕರೆ, ಇನ್‌ಸ್ಟಂಟ್ ಪುಡಿ ಬೆರೆಸಿದ ಪಾತ್ರೆಗೆ ಹಬೆ ಬಿಟ್ಟು ನೊರೆ ಎಬ್ಬಿಸಿ, ಮೇಲೆ ಚಿಟಿಕೆ ಕೋಕೊ ಉದುರಿಸಿ ಕೊಡುತ್ತಾರೆ. ಅದಕ್ಕೆ ಅದರದೇ ರುಚಿ ಇದೆ, ಅದನ್ನು ಕಾದು ಕುಡಿಯುವವರೂ ಇದ್ದಾರೆ. ಆದರೆ ಪುಡಿಯೊಳಗಿಂದ ನೀರು ಒತ್ತಡದಲ್ಲಿ ಹಾಯುವ ಹಂತ ಅಲ್ಲಿಲ್ಲ, ಇರುವುದು ಹಬೆಯ ಭಾಗ ಮಾತ್ರ. ಮನೆಯಲ್ಲಿಡುವ ಯಂತ್ರ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಮಾಡುತ್ತದೆ. ಒಂದು ಕಡೆ ಡಿಕಾಕ್ಷನ್ ಇಳಿಸುತ್ತದೆ, ಇನ್ನೊಂದು ಕಡೆ ಹಬೆ ನಳಿಕೆಯಿಂದ ಹಾಲು ಕಾಯಿಸಿ ನೊರೆ ಕಟ್ಟುತ್ತದೆ.

ಇದು ಚಹಾದ ಸೀಮೆ. ಗಿರ್ಮಿಟ್, ಮಿರ್ಚಿಯ ಜೊತೆಗೆ ಇಲ್ಲಿ ಬರುವುದು ಚಹಾ, ಬೀಗರು ಬಂದಾಗ ಒಲೆಗೆ ಏರುವುದೂ ಚಹಾ. ಆದರೂ ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟನ್ನು ಬೆಳೆಯುವ ರಾಜ್ಯ ಕರ್ನಾಟಕ, ಚಿಕ್ಕಮಗಳೂರಿನ ತೋಟಗಳು ಇಲ್ಲಿಂದ ಅರ್ಧ ದಿನದ ದಾರಿ. ಬೆಂಗಳೂರು, ಪುಣೆಯಲ್ಲಿ ದುಡಿಯುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಇಂಥ ಯಂತ್ರ ತರುವುದು, ಆನ್‌ಲೈನಿನಲ್ಲಿ ತರಿಸಿಕೊಡುವುದು ಈಗ ಅಪರೂಪವಲ್ಲ. ತಂದವರು ಮರಳಿ ಹೋದ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸ ಮನೆಯವರದು. ಆ ಕೆಲಸವೇ ಈ ಲೇಖನದ ಮುಖ್ಯ ವಿಷಯ.

ಯಂತ್ರದ ಬಗೆ

ಕಾಫಿಗೆ ಹಬೆಯ ಬಲ ಬಳಸುವ ಯಂತ್ರಕ್ಕೆ ಇಟಲಿಯ ಟ್ಯೂರಿನ್‌ನಲ್ಲಿ ಆಂಜೆಲೊ ಮೊರಿಯೊಂಡೊ 1884ರಲ್ಲಿ ಪೇಟೆಂಟ್ ಪಡೆದ. ಲುಯಿಜಿ ಬೆಜೆರಾ 1901ರಲ್ಲಿ ಒಂದೊಂದೇ ಕಪ್ ಇಳಿಸುವ ವಿನ್ಯಾಸಕ್ಕೆ ಪೇಟೆಂಟ್ ಪಡೆದ. ಆ ಕಾಲದ ಯಂತ್ರಗಳಲ್ಲಿ ಒತ್ತಡ ಒಂದೂವರೆ ಬಾರ್ ಆಸುಪಾಸು ಇತ್ತು, ನೀರು ಅತಿ ಕಾದು ಕಾಫಿ ಸುಟ್ಟ ರುಚಿ ಕೊಡುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಅಕಿಲ್ಲೆ ಗಾಜಿಯಾ ಸನ್ನೆಕೋಲು ಮತ್ತು ಸ್ಪ್ರಿಂಗ್ ಬಳಸಿ ಒತ್ತಡವನ್ನು ಹಬೆಯಿಂದ ಬೇರೆ ಮಾಡಿದ. ಕ್ರೆಮಾ ಹುಟ್ಟಿದ್ದು ಆಗ. 1961ರಲ್ಲಿ ಬಂದ ಫೇಮಾ ಕಂಪನಿಯ ಇ61 ಯಂತ್ರ ಕೈಬಲದ ಜಾಗಕ್ಕೆ ವಿದ್ಯುತ್ ಪಂಪ್ ತಂದಿತು.

ಈ ಚರಿತ್ರೆ ಇಂದಿನ ಅಂಗಡಿಯಲ್ಲೂ ಹಾಗೇ ಉಳಿದಿದೆ. ಅಗ್ಗದ ಯಂತ್ರಗಳು ಈಗಲೂ ಹಬೆಯ ಬಲದವು. ಸುಮಾರು ಕಾಲು ಲೀಟರ್ ಹಿಡಿಯುವ ಮುಚ್ಚಿದ ಪಾತ್ರೆಯಲ್ಲಿ ನೀರು ಕುದಿದು, ಆ ಹಬೆಯೇ ನೀರನ್ನು ಪುಡಿಯೊಳಕ್ಕೆ ದಬ್ಬುತ್ತದೆ. ಡಬ್ಬಿಯ ಮೇಲೆ ಮೂರೂವರೆ ಅಥವಾ ಐದು ಬಾರ್ ಎಂದಿರುತ್ತದೆ. ಇವುಗಳಿಂದ ಗಟ್ಟಿ ಕಾಫಿ ಸಿಗುತ್ತದೆ, ನಿಜವಾದ ಎಸ್ಪ್ರೆಸೊ ಸಿಗುವುದಿಲ್ಲ. ಹಬೆ ಪೂರ್ತಿ ಹೊರಹೋಗುವ ಮುನ್ನ ಅವುಗಳ ಮುಚ್ಚಳಕ್ಕೆ ಕೈ ಹಾಕಲೇಬಾರದು. ಎರಡನೆಯ ಬಗೆ ಪಂಪಿನದು. ಡಬ್ಬಿಯ ಮೇಲೆ 15 ಅಥವಾ 20 ಬಾರ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ ಅದು ಪಂಪಿನ ಗರಿಷ್ಠ ಶಕ್ತಿ. ಕಾಫಿಗೆ ಬೇಕಿರುವುದು 9 ಬಾರ್ ಮಾತ್ರ, ಆದ್ದರಿಂದ 20ರದು 15ರದಕ್ಕಿಂತ ಮೇಲು ಎಂದು ಹೆಚ್ಚು ಹಣ ಕೊಡಬೇಕಿಲ್ಲ. ಬೀಜ ಹಾಕಿ ಗುಂಡಿ ಒತ್ತಿದರೆ ತಾನೇ ಬೀಸಿ ಇಳಿಸುವ ಪೂರ್ಣ ಸ್ವಯಂಚಾಲಿತ ಯಂತ್ರಗಳೂ ಇವೆ, ಕ್ಯಾಪ್ಸೂಲ್ ಯಂತ್ರಗಳೂ ಇವೆ. ರಿಪೇರಿಗೆ ಹುಬ್ಬಳ್ಳಿಗೋ ದಾವಣಗೆರೆಗೋ ಹೊತ್ತೊಯ್ಯಬೇಕಾದ ಊರಿನಲ್ಲಿ ಬಿಡಿಭಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಹಾಗಾಗಿ ಈ ಭಾಗದ ಮನೆಗೆ ಪಂಪು, ಹಬೆ ನಳಿಕೆ ಇರುವ ಸರಳ ಕೈಚಾಲಿತ ಯಂತ್ರವೇ ತಕ್ಕದ್ದು.

ಅದರ ಅಂಗಗಳು ಕೆಲವೇ. ಹಿಂದೆ ನೀರಿನ ಟ್ಯಾಂಕು. ಒಳಗೆ ಪಂಪು ಮತ್ತು ನೀರು ಕಾಯಿಸುವ ಬಾಯ್ಲರು, ಅಥವಾ ಲೋಹದ ಗಟ್ಟಿಯೊಳಗೆ ಸಣ್ಣ ಕೊಳವೆ ಸುತ್ತಿಸಿದ ಥರ್ಮೊಬ್ಲಾಕು. ಮುಂದೆ ಬಿಸಿನೀರು ಇಳಿಯುವ ತಲೆ, ಅದಕ್ಕೆ ಕೆಳಗಿನಿಂದ ಸಿಕ್ಕಿಸಿ ತಿರುಗಿಸುವ ಹಿಡಿಯುಳ್ಳ ಪೋರ್ಟಾಫಿಲ್ಟರ್, ಅದರೊಳಗೆ ಪುಡಿ ತುಂಬುವ ಜಾಲರಿ ಬಟ್ಟಲು. ತಲೆ ಮತ್ತು ಪೋರ್ಟಾಫಿಲ್ಟರ್ ನಡುವೆ ಒಂದು ರಬ್ಬರ್ ಅಥವಾ ಸಿಲಿಕೋನ್ ವಾಷರ್. ಪಕ್ಕದಲ್ಲಿ ಹಬೆ ನಳಿಕೆ.

ಪುಡಿ

ಹಾವೇರಿಯ ಕಿರಾಣಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಾಫಿ ಪುಡಿ ಬಹುಮಟ್ಟಿಗೆ ಚಿಕೋರಿ ಬೆರೆತದ್ದು. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎನ್ನುತ್ತದೆ ಆಹಾರ ಸುರಕ್ಷತೆಯ ನಿಯಮ. ಫಿಲ್ಟರ್ ಕಾಫಿಗೆ ಚಿಕೋರಿ ಬಣ್ಣ, ಮಂದತೆ ಕೊಡುತ್ತದೆ. ಎಸ್ಪ್ರೆಸೊ ಯಂತ್ರಕ್ಕೆ ಅದು ಶತ್ರು. ಹುರಿದ ಚಿಕೋರಿ ಬೇರು ಬಿಸಿನೀರಿನಲ್ಲಿ ಬೇಗ ಕರಗಿ ಅಂಟಂಟಾಗುತ್ತದೆ, ಜಾಲರಿಯ ಕಣ್ಣು ಮುಚ್ಚುತ್ತದೆ, ನೀರು ಹನಿಹನಿಯಾಗಿಯೂ ಇಳಿಯದೆ ಪಂಪು ಮುಕ್ಕರಿಯುತ್ತದೆ. ಯಂತ್ರಕ್ಕೆ ಹಾಕುವ ಪುಡಿ ಅಪ್ಪಟ ಕಾಫಿಯೇ ಆಗಿರಬೇಕು.

ಹುರಿದು ಒಂದರಿಂದ ನಾಲ್ಕು ವಾರದೊಳಗಿನ ಬೀಜ ಒಳ್ಳೆಯದು. ಹುರಿದ ಬೀಜದೊಳಗೆ ಉಳಿದ ಇಂಗಾಲದ ಡೈಆಕ್ಸೈಡ್ ಅನಿಲವೇ ಕ್ರೆಮಾ ಕಟ್ಟುವುದು. ಬೀಜ ಹಳತಾದರೆ ಅನಿಲ ಹಾರಿಹೋಗಿ ಕ್ರೆಮಾ ಬರುವುದಿಲ್ಲ, ಬೀಸಿದ ಪುಡಿಯಲ್ಲಂತೂ ಕೆಲವೇ ದಿನಗಳಲ್ಲಿ ಹೋಗುತ್ತದೆ. ಅರೇಬಿಕಾ ಪರಿಮಳಕ್ಕೆ, ರೊಬಸ್ಟಾ ಕ್ರೆಮಾ ಮತ್ತು ಗಟ್ಟಿತನಕ್ಕೆ. ಹಾಲು ಬೆರೆಸಿ ಕುಡಿಯುವ ಮನೆಯಲ್ಲಿ ಮೂರು ಪಾಲು ಅರೇಬಿಕಾಕ್ಕೆ ಒಂದು ಪಾಲು ರೊಬಸ್ಟಾ ಸೇರಿದರೆ ಹಾಲಿನ ನಡುವೆಯೂ ಕಾಫಿ ಎದ್ದು ನಿಲ್ಲುತ್ತದೆ. ಭಾರತದ ರೊಬಸ್ಟಾ ಮತ್ತು ಮಳೆಗಾಳಿಗೆ ಒಡ್ಡಿ ಹದಗೊಳಿಸಿದ ಮಾನ್ಸೂನ್ಡ್ ಮಲಬಾರ್ ಬೀಜಗಳನ್ನು ಇಟಲಿಯ ಕಾಫಿ ಕಂಪನಿಗಳು ಎಸ್ಪ್ರೆಸೊ ಮಿಶ್ರಣಕ್ಕಾಗಿಯೇ ಕೊಳ್ಳುತ್ತವೆ. ಇಟಲಿಯ ಕಪ್ಪಿನಲ್ಲಿ ಕೊಡಗು, ಚಿಕ್ಕಮಗಳೂರಿನ ಬೀಜ ಇರುವಾಗ ಹಾವೇರಿಯವರು ವಿದೇಶಿ ಡಬ್ಬಿ ಹುಡುಕುವ ಅಗತ್ಯ ಕಾಣುವುದಿಲ್ಲ. ಚಿಕ್ಕಮಗಳೂರು, ಬೆಂಗಳೂರಿನ ಹುರಿಯುವವರು ಹುರಿದ ದಿನಾಂಕ ಬರೆದು ಅಂಚೆಯಲ್ಲಿ ಕಳಿಸುತ್ತಾರೆ.

ಬೀಸುವುದು ಎಲ್ಲಕ್ಕಿಂತ ಮುಖ್ಯ. ಮಿಕ್ಸಿಯ ಅಲಗು ಬೀಜವನ್ನು ಚೂರು ಮಾಡುತ್ತದೆಯೇ ಹೊರತು ಒಂದೇ ಸಮನಾಗಿ ಬೀಸುವುದಿಲ್ಲ. ಸಣ್ಣದು ಕಹಿ ಬಿಡುತ್ತದೆ, ದಪ್ಪದ್ದು ಹುಳಿ ಉಳಿಸುತ್ತದೆ. ಎರಡು ಹಲ್ಲುಚಕ್ರಗಳ ನಡುವೆ ಬೀಸುವ ಬರ್ ಗ್ರೈಂಡರ್, ಕೈಯಿಂದ ತಿರುಗಿಸುವಂಥದ್ದಾದರೂ ಸರಿ, ಬೇಕು. ಅದಿಲ್ಲದಿದ್ದರೆ ಎಸ್ಪ್ರೆಸೊಗೆಂದೇ ಬೀಸಿದ ಪುಡಿಯನ್ನು ಸಣ್ಣ ಪೊಟ್ಟಣದಲ್ಲಿ ತರಿಸಿ, ಒಂದೇ ತೂತಿನ ಒತ್ತಡದ ಬಟ್ಟಲಿನಲ್ಲಿ ಬಳಸಬಹುದು. ಅಗ್ಗದ ಯಂತ್ರಗಳ ಜೊತೆ ಬರುವುದು ಈ ಬಟ್ಟಲೇ. ಅದು ಪುಡಿಯ ದೋಷ ಮರೆಸಿ ನೊರೆ ತೋರಿಸುತ್ತದೆ, ರುಚಿ ಮಾತ್ರ ಸ್ವಲ್ಪ ಕಡಿಮೆ.

ಈ ಸೀಮೆಗೆ ಹೇಳಲೇಬೇಕಾದ ಮಾತೊಂದಿದೆ. ಕಾಫಿ ಪುಡಿ ಅಕ್ಕಪಕ್ಕದ ವಾಸನೆಯನ್ನು ಬೇಗ ಹೀರುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಸುಗ್ಗಿಯಲ್ಲಿ ಮಾರುಕಟ್ಟೆ ಸುತ್ತಲಿನ ಮನೆಗಳೊಳಗೂ ಅದರ ಘಾಟು ಇರುತ್ತದೆ. ವರ್ಷದ ಖಾರದ ಪುಡಿ, ಮಸಾಲೆ ಸಾಮಾನು, ಹಾವೇರಿಯ ಏಲಕ್ಕಿ ಎಲ್ಲ ಒಂದೇ ಕಪಾಟಿನಲ್ಲಿದ್ದರೆ ಬೀಜ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಗಾಳಿಯಾಡದ ಡಬ್ಬಿ, ಬೇರೆ ಕಪಾಟು. ಕಾಫಿ ಬೀಸುವ ಗ್ರೈಂಡರಿನಲ್ಲಿ ಒಮ್ಮೆಯೂ ಮೆಣಸಿನಕಾಯಿ ಬೀಸಬಾರದು.

ಇಳಿಸುವ ಕ್ರಮ

ಯಂತ್ರ ಹಚ್ಚಿ ದೀಪ ಬಂದ ಕೂಡಲೇ ಕಾಫಿ ಇಳಿಸಲು ಹೋಗಬಾರದು. ನೀರು ಕಾದಿದ್ದರೂ ಲೋಹದ ತಲೆ, ಪೋರ್ಟಾಫಿಲ್ಟರ್ ತಣ್ಣಗಿರುತ್ತವೆ. ಹತ್ತು ನಿಮಿಷ ಬಿಟ್ಟು, ಪುಡಿಯಿಲ್ಲದೆ ಒಮ್ಮೆ ಬಿಸಿನೀರು ಹಾಯಿಸಿ, ಕಪ್ಪನ್ನೂ ಆ ನೀರಿನಲ್ಲೇ ಬಿಸಿ ಮಾಡಿಕೊಳ್ಳಬೇಕು. ಎರಡು ಕಪ್ಪಿನ ಜೋಡಿ ಬಟ್ಟಲಿಗೆ 14ರಿಂದ 16 ಗ್ರಾಂ ಪುಡಿ. ಚಮಚದ ಅಳತೆ ನಂಬಲಾಗದು. ಹತ್ತನೇ ಒಂದು ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಪುಡಿಯನ್ನು ಬಟ್ಟಲಿನಲ್ಲಿ ಸಮನಾಗಿ ಹರಡಿ, ಟ್ಯಾಂಪರ್ ಎಂಬ ಅದುಮುಗೋಲಿನಿಂದ ನೇರವಾಗಿ ಅದುಮಬೇಕು. ಜೋರಿಗಿಂತ ಮಟ್ಟ ಮುಖ್ಯ: ಒಂದು ಕಡೆ ಓರೆಯಾದರೆ ನೀರು ಸಡಿಲ ಜಾಗ ಹುಡುಕಿ ಅಲ್ಲೇ ನುಗ್ಗುತ್ತದೆ, ಉಳಿದ ಪುಡಿ ಬರಿದೇ ನೆನೆಯುತ್ತದೆ.

14 ಗ್ರಾಂ ಪುಡಿಗೆ ಸುಮಾರು 28 ಗ್ರಾಂ ಕಾಫಿ, 25–30 ಸೆಕೆಂಡಿನಲ್ಲಿ. ಇದು ಆರಂಭದ ಗುರಿ. ನೀರು ಪುಡಿಯಿಂದ ಮೊದಲು ಎಳೆಯುವುದು ಹುಳಿ ಮತ್ತು ಉಪ್ಪಿನ ಅಂಶ, ಆಮೇಲೆ ಸಿಹಿ, ಕೊನೆಗೆ ಕಹಿ. ಬ್ಯಾಡಗಿ ಸುತ್ತಲಿನ ಓಲಿಯೊರೆಸಿನ್ ಕಾರ್ಖಾನೆಗಳಲ್ಲಿ ಮೆಣಸಿನಕಾಯಿಯಿಂದ ಬಣ್ಣ ಎಳೆಯುವವರಿಗೆ ಈ ತತ್ವ ಹೊಸದೇನಲ್ಲ: ಎಷ್ಟು ನುಣುಪು, ಎಷ್ಟು ಹೊತ್ತು, ಎಷ್ಟು ಬಿಸಿ ಎಂಬುದರ ಮೇಲೆ ಏನು ಕರಗಿ ಬರುತ್ತದೆ ಎಂಬುದು ನಿಂತಿದೆ. ಹದಿನೈದು ಸೆಕೆಂಡಿಗೇ ಭರ್ರನೆ ಇಳಿದು ಹುಳಿಯಾದರೆ ಪುಡಿ ಇನ್ನಷ್ಟು ನುಣ್ಣಗಾಗಬೇಕು. ನಲವತ್ತು ಸೆಕೆಂಡು ಎಳೆದು ಕಹಿಯಾದರೆ ತುಸು ತರಿಯಾಗಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಪುಡಿಯ ತೂಕ, ನುಣುಪು, ಅದುಮುವ ಬಲ ಮೂರನ್ನೂ ಒಟ್ಟಿಗೆ ಬದಲಿಸಿದವರಿಗೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ. ಕಾಫಿ ಇಳಿದ ಕೂಡಲೇ ಪೋರ್ಟಾಫಿಲ್ಟರ್ ಬಿಚ್ಚುವುದು ಅಪಾಯ. ಒತ್ತಡ ಇಳಿಸುವ ಕವಾಟವಿಲ್ಲದ ಯಂತ್ರದಲ್ಲಿ ಬಿಸಿ ಗಸಿ ಕೈಗೆ, ಮುಖಕ್ಕೆ ಚಿಮ್ಮುತ್ತದೆ. ಅರ್ಧ ನಿಮಿಷ ತಡೆಯಬೇಕು.

ಹಾಲು ಮತ್ತು ಹಬೆ

ಹಾಲಿನ ನೊರೆ ಕಟ್ಟುವುದು ಪ್ರೋಟೀನ್, ಅಂದರೆ ಕೇಸಿನ್ ಮತ್ತು ವೇ ಪ್ರೋಟೀನುಗಳು. ಅವು ಗಾಳಿಗುಳ್ಳೆಯ ಸುತ್ತ ಪೊರೆಯಾಗಿ ನಿಲ್ಲುತ್ತವೆ. ಕೊಬ್ಬು ರುಚಿ, ನುಣುಪು ಕೊಡುತ್ತದೆ, ನೊರೆಯ ಎತ್ತರವನ್ನು ತುಸು ಕಡಿಮೆ ಮಾಡುತ್ತದೆ. ಹೋಟೆಲಿನಲ್ಲಿ ಮಾರುದ್ದ ಮೇಲಿನಿಂದ ಲೋಟಕ್ಕೆ ಎರೆಯುವವರು ಮಾಡುವುದೂ ಹಾಲಿಗೆ ಗಾಳಿ ಸೇರಿಸುವ ಇದೇ ಕೆಲಸ. ಹಬೆ ಅದನ್ನು ಕೂದಲೆಳೆಯಷ್ಟು ಸಣ್ಣ ಗುಳ್ಳೆಗಳಲ್ಲಿ ಮಾಡುತ್ತದೆ.

ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇಕಡಾ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5, ಫುಲ್ ಕ್ರೀಮಿನಲ್ಲಿ 6. ನಂದಿನಿಯ ನೀಲಿ ಪೊಟ್ಟಣ ಟೋನ್ಡ್ ಹಾಲಿನದು. ಕೈ ಕೂರುವವರೆಗೆ ಅದರಲ್ಲೇ ಅಭ್ಯಾಸ ಮಾಡುವುದು ಸುಲಭ, ರುಚಿಗೆ 4.5ರದು ಮೇಲು. ಧಾರವಾಡ ಒಕ್ಕೂಟದಿಂದ ಬೇರೆಯಾಗಿ ಹಾವೇರಿ ಜಿಲ್ಲೆಗೇ ಹಾಲು ಒಕ್ಕೂಟ ಬಂದಿರುವುದರಿಂದ ಪೊಟ್ಟಣದ ಹಾಲಿಗೆ ಇಲ್ಲಿ ಕೊರತೆಯಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಈಗಲೂ ಬೆಳಗ್ಗೆ ಬರುವುದು ಗೌಳಿಗರ ಎಮ್ಮೆ ಹಾಲು. ಅದರಲ್ಲಿ ಕೊಬ್ಬು ಶೇಕಡಾ 6ರಿಂದ 8 ಇರುತ್ತದೆ, ಪ್ರೋಟೀನೂ ಆಕಳ ಹಾಲಿಗಿಂತ ಹೆಚ್ಚು. ಹಸಿ ಹಾಲನ್ನು ನೇರವಾಗಿ ಹಬೆಗೆ ಹಿಡಿಯಬಾರದು, ಹಬೆಯ 60 ಡಿಗ್ರಿಯ ಕ್ಷಣಿಕ ಬಿಸಿ ರೋಗಾಣು ಕೊಲ್ಲಲು ಸಾಲದು. ಮೊದಲು ಕುದಿಸಿ, ಆರಿಸಿ, ಕೆನೆ ತೆಗೆದು, ಸೋಸಿ, ಫ್ರಿಜ್ಜಿನಲ್ಲಿ ತಣ್ಣಗಾಗಿಸಿ ಬಳಸಬೇಕು. ಹೀಗೆ ಮಾಡಿದ ಎಮ್ಮೆ ಹಾಲಿನಷ್ಟು ಮಂದವಾದ, ಸವಿಯಾದ ನೊರೆ ಪೊಟ್ಟಣದ ಹಾಲಿನಲ್ಲಿ ಬರುವುದಿಲ್ಲ. ಹಳೆಯ ಹಾಲು ಮಾತ್ರ ಬೇಡ. ಕೊಬ್ಬು ಒಡೆದು ಬಿಡುಗಡೆಯಾಗುವ ಆಮ್ಲಗಳು ಗುಳ್ಳೆಯ ಪೊರೆ ಹರಿಯುತ್ತವೆ, ಕಣ್ಣೆದುರೇ ನೊರೆ ಕೂತುಬಿಡುತ್ತದೆ.

ಕ್ರಮ ಹೀಗೆ: ಹಬೆಯ ಗುಂಡಿ ಒತ್ತಿ ದೀಪ ಬಂದ ಮೇಲೆ ನಳಿಕೆಯಲ್ಲಿ ನಿಂತ ನೀರನ್ನು ಮೊದಲು ಬಟ್ಟೆಗೆ ಹಾರಿಸಬೇಕು. ಸ್ಟೀಲ್ ಜಗ್ಗಿನಲ್ಲಿ ಅರ್ಧಕ್ಕಿಂತ ಕೆಳಗೆ, ಸುಮಾರು 150 ಮಿಲಿ ತಣ್ಣನೆಯ ಹಾಲು. ನಳಿಕೆಯ ತುದಿ ಹಾಲಿನ ಮೇಲ್ಮೈಗೆ ತಾಗಿದಷ್ಟೇ ಮುಳುಗಿರಲಿ. ಚಿರ್ ಚಿರ್ ಎಂಬ ಸಣ್ಣ ಸದ್ದು ಬಂದರೆ ಗಾಳಿ ಸೇರುತ್ತಿದೆ ಎಂದರ್ಥ, ಬುಳುಬುಳು ಸದ್ದಾದರೆ ದೊಡ್ಡ ಗುಳ್ಳೆ. ಜಗ್ಗು ಕೈಗೆ ಬೆಚ್ಚಗಾಗುವವರೆಗೆ ಮಾತ್ರ ಗಾಳಿ, ನಂತರ ತುದಿಯನ್ನು ಒಳಕ್ಕಿಳಿಸಿ, ಹಾಲು ಸುಳಿಯಾಗಿ ಸುತ್ತುವಂತೆ ಜಗ್ಗನ್ನು ಓರೆ ಹಿಡಿಯಬೇಕು. ಅಂಗೈ ಇಡಲಾಗದಷ್ಟು ಬಿಸಿಯಾದಾಗ ನಿಲ್ಲಿಸಬೇಕು, ಅದು 60–65 ಡಿಗ್ರಿ. 70 ದಾಟಿದರೆ ಸಿಹಿ ಹೋಗಿ ಕಾದ ಹಾಲಿನ ವಾಸನೆ ಏಳುತ್ತದೆ. ನಮ್ಮಲ್ಲಿ ಸುಡುಸುಡು ಕುಡಿಯುವ ರೂಢಿ ಇರುವುದರಿಂದ ಇದು ಮೊದಲಿಗೆ ತಣ್ಣಗೆನಿಸಬಹುದು. ಕಪ್ಪನ್ನು ಬಿಸಿನೀರಲ್ಲಿ ಕಾಯಿಸಿಟ್ಟರೆ ಆ ಕೊರತೆ ತುಂಬುತ್ತದೆ. ಹಬೆ ನೀರಾಗಿ ಹಾಲಿಗೇ ಸೇರುವುದರಿಂದ ಹಾಲು ಸುಮಾರು ಹತ್ತನೇ ಒಂದು ಭಾಗ ಹೆಚ್ಚುತ್ತದೆ. ಮೊದಲೇ ನೀರು ಬೆರೆತ ಹಾಲು ಇದರಿಂದ ಇನ್ನಷ್ಟು ತೆಳುವಾಗುತ್ತದೆ.

ಒಂದೇ ಬಾಯ್ಲರಿನ ಯಂತ್ರದಲ್ಲಿ ಹಬೆಗೆಂದು ಕಾದ ಲೋಹ 120 ಡಿಗ್ರಿ ದಾಟಿರುತ್ತದೆ. ಹಾಲಾದ ಮೇಲೆ ಇನ್ನೊಂದು ಕಾಫಿ ಇಳಿಸಬೇಕಿದ್ದರೆ ಪುಡಿಯಿಲ್ಲದೆ ನೀರು ಹಾಯಿಸಿ ತಣಿಸಬೇಕು, ಇಲ್ಲದಿದ್ದರೆ ಕಾಫಿ ಸುಟ್ಟಂತಾಗುತ್ತದೆ. ನಾಲ್ಕಾರು ಜನರಿಗೆ ಮಾಡುವಾಗ ಎಲ್ಲ ಡಿಕಾಕ್ಷನ್ ಮೊದಲು, ಎಲ್ಲ ಹಾಲು ಆಮೇಲೆ.

ಹಾಲು ಮುಗಿದ ಕ್ಷಣವೇ ಮಾಡಬೇಕಾದ ಕೆಲಸ ನಳಿಕೆ ಒರೆಸುವುದು ಮತ್ತು ಎರಡು ಸೆಕೆಂಡು ಹಬೆ ಹಾರಿಸುವುದು. ನಳಿಕೆ ತಣಿಯುವಾಗ ಒಳಗೆ ನಿರ್ವಾತ ಉಂಟಾಗಿ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆ ಹಾಲು ಒಳಗೇ ಒಣಗಿ ಕಲ್ಲಾಗುತ್ತದೆ, ಏಪ್ರಿಲ್–ಮೇ ಸೆಕೆಯಲ್ಲಿ ಕೊಳೆಯುತ್ತದೆ. ನಳಿಕೆಗೆ ತೊಡಿಸಿದ ಪ್ಲಾಸ್ಟಿಕ್ ಅಥವಾ ಸ್ಟೀಲ್ ತೋಳು ಇದ್ದರೆ ಅದರಲ್ಲಿ ಗಾಳಿ ಎಳೆಯುವ ಸೂಜಿಗಣ್ಣಿನಷ್ಟು ತೂತು ಇರುತ್ತದೆ. ನೊರೆ ಬರುತ್ತಿಲ್ಲ ಎಂಬ ಹೆಚ್ಚಿನ ದೂರುಗಳ ಮೂಲ ಆ ತೂತು ಕಟ್ಟಿರುವುದು. ತೋಳನ್ನು ದಿನವೂ ಬಿಚ್ಚಿ ತೊಳೆಯಬೇಕು.

ದಿನದ, ವಾರದ ಶುಚಿ

ಗಸಿ ಕೊಡವಿ, ಬಟ್ಟಲು ತೊಳೆದು, ತಲೆಯಿಂದ ಒಂದಿಷ್ಟು ಬಿಸಿನೀರು ಹಾಯಿಸಿದರೆ ದಿನದ ಕೆಲಸ ಮುಗಿಯಿತು. ಕೆಳಗಿನ ತಟ್ಟೆ ರಾತ್ರಿ ಖಾಲಿಯಿರಬೇಕು, ಇಲ್ಲವಾದರೆ ಇರುವೆ, ಬೂಷ್ಟು ಖಂಡಿತ. ಗಸಿಯನ್ನು ಸಿಂಕಿಗೆ ಸುರಿಯದೆ ಗಿಡದ ಬುಡಕ್ಕೆ ಮಣ್ಣಿನ ಜೊತೆ ಬೆರೆಸಬಹುದು. ವಾರಕ್ಕೊಮ್ಮೆ ತಲೆಯ ಜರಡಿಯನ್ನು, ವಾಷರಿನ ಸುತ್ತ ಕೂತ ಪುಡಿಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಬೇಕು. ಕಾಫಿ ಎಣ್ಣೆ ಹಳತಾದರೆ ಕಮಟು ವಾಸನೆ ಕೊಡುತ್ತದೆ, ಮರುದಿನದ ಕಾಫಿಗೂ ಅದೇ ವಾಸನೆ. ಸ್ಟೀಲ್ ಬಟ್ಟಲನ್ನು ಕಾಫಿ ಡಿಟರ್ಜಂಟ್ ಹಾಕಿದ ಬಿಸಿನೀರಿನಲ್ಲಿ ನೆನೆಹಾಕಬಹುದು. ಅಲ್ಯುಮಿನಿಯಂ ಪೋರ್ಟಾಫಿಲ್ಟರನ್ನು ಹಾಕಿದರೆ ಕಪ್ಪಾಗಿ ಪುಡಿಪುಡಿಯಾಗುತ್ತದೆ. ತೂತಿಲ್ಲದ ಬಟ್ಟಲು ಹಾಕಿ ಹಿಂದಕ್ಕೆ ನೀರು ಹಾಯಿಸಿ ತೊಳೆಯುವ ವಿಧಾನ ಒತ್ತಡ ಇಳಿಸುವ ಮೂರುದಾರಿ ಕವಾಟವಿರುವ ಯಂತ್ರಗಳಿಗೆ ಮಾತ್ರ. ಉಳಿದವುಗಳಲ್ಲಿ ಮಾಡಿದರೆ ಒತ್ತಡ ಹೊರಬರಲು ದಾರಿಯಿಲ್ಲದೆ ಒಳಗಿನ ಕೊಳವೆ ಕಿತ್ತುಬರಬಹುದು.

ಸವಳು ನೀರು

ಇಷ್ಟೆಲ್ಲ ಶಿಸ್ತಾಗಿ ಮಾಡುವ ಮನೆಯಲ್ಲೂ ಯಂತ್ರ ಎರಡೇ ವರ್ಷಕ್ಕೆ ಮೂಲೆ ಸೇರಿದರೆ ಅದಕ್ಕೆ ಕಾರಣ ಬಹುತೇಕ ಒಂದೇ: ನೀರು. ಹಾವೇರಿ, ರಾಣೆಬೆನ್ನೂರು ಪಟ್ಟಣಗಳಿಗೆ ತುಂಗಭದ್ರೆಯ ಹೊಳೆ ನೀರು ಬರುತ್ತದೆ, ಆದರೆ ದಿನವೂ ಬರುವುದಿಲ್ಲ. ನಡುವಿನ ದಿನಗಳಲ್ಲಿ ಟ್ಯಾಂಕು ತುಂಬುವುದು ಬೋರಿನ ನೀರು. ಈ ಬಯಲು ಸೀಮೆಯ ಬೋರಿನ ನೀರು ಎಷ್ಟೋ ಕಡೆ ಸವಳು. ಬೇಳೆ ಬೇಯದ, ಸೋಪು ನೊರೆ ಬಿಡದ, ಬಚ್ಚಲ ನಳಕ್ಕೆ ಬಿಳಿ ಕರೆ ಕಟ್ಟಿಸುವ ನೀರು ಯಂತ್ರದೊಳಗೆ ಏನು ಮಾಡುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಲೋಹಕ್ಕೆ ಅಂಟುತ್ತದೆ. ಇದೇ ಸುಣ್ಣದ ಪದರ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರನ್ನು ದಿನಕ್ಕೆ ಒಂದು ಲೀಟರ್ ಬಳಸುವ ಮನೆಯನ್ನು ಲೆಕ್ಕಕ್ಕೆ ಹಿಡಿಯಬಹುದು. ಅದರ ಅರ್ಧ ಮಾತ್ರ ಯಂತ್ರದೊಳಗೆ ಕೂತರೂ ವರ್ಷಕ್ಕೆ 70 ಗ್ರಾಂ ಮೀರಿದ ಸುಣ್ಣ, ಅದೂ ಕೆಲವೇ ಮಿಲಿಮೀಟರ್ ಅಗಲದ ಕೊಳವೆಗಳಲ್ಲಿ. ಪದರ ಬೆಳೆದಂತೆ ಬಿಸಿ ನೀರಿಗೆ ದಾಟುವುದಿಲ್ಲ, ಉಷ್ಣತೆ ಅಳೆಯುವ ಸಂವೇದಕ ತಪ್ಪು ತೋರಿಸುತ್ತದೆ, ಪಂಪು ಏದುಸಿರು ಬಿಡುತ್ತದೆ, ಕೊನೆಗೆ ಕಾಯಿಸುವ ಭಾಗವೇ ಸುಡುತ್ತದೆ.

ಭಾರತೀಯ ಮಾನಕ ಬ್ಯೂರೊದ ಐಎಸ್ 10500 ಕುಡಿಯುವ ನೀರಿನ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಹೇಳುತ್ತದೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಕಾಫಿಗೆ ತಕ್ಕ ಗಡಸುತನ 50ರಿಂದ 175. ಅಂದರೆ ಕುಡಿಯಲು ಒಪ್ಪಿತವಾದ ನೀರೆಲ್ಲ ಯಂತ್ರಕ್ಕೆ ಒಪ್ಪಿತವಲ್ಲ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಕರಗಿದ ಎಲ್ಲ ಲವಣಗಳ ಅಂದಾಜು ಕೊಡುತ್ತದೆಯೇ ಹೊರತು ಗಡಸುತನವನ್ನೇ ಹೇಳುವುದಿಲ್ಲ. ಗಡಸುತನಕ್ಕೆ ಅಗ್ಗದ ಪರೀಕ್ಷಾ ಪಟ್ಟಿಗಳಿವೆ, ನೀರು ಪರೀಕ್ಷಿಸುವ ಪ್ರಯೋಗಾಲಯಗಳಿವೆ.

ಪರಿಹಾರ ಊರಿನಲ್ಲೇ ಇದೆ. ಓಣಿಗೊಂದರಂತೆ ಇರುವ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನು ಆರ್‌ಒ ನೀರಿನದು, ಅದರಲ್ಲಿ ಸುಣ್ಣ ಬಹಳ ಕಡಿಮೆ. ಹಾಗೆಂದು ಅದನ್ನಷ್ಟೇ ಹಾಕುವುದೂ ಸರಿಯಲ್ಲ. ಖನಿಜವಿಲ್ಲದ ನೀರು ಕಾಫಿಯ ರುಚಿಯನ್ನು ಪೂರ್ತಿ ಎಳೆಯುವುದಿಲ್ಲ, ಲೋಹವನ್ನೂ ನಿಧಾನವಾಗಿ ತಿನ್ನುತ್ತದೆ. ಎರಡನ್ನೂ ಬೆರೆಸುವುದು ಉತ್ತಮ. ಟಿಡಿಎಸ್ 40 ಇರುವ ಕ್ಯಾನಿನ ನೀರು ಐದು ಪಾಲು, 600 ಇರುವ ನಳದ ನೀರು ಒಂದು ಪಾಲು ಸೇರಿದರೆ 130ರ ಆಸುಪಾಸಿಗೆ ಬರುತ್ತದೆ. ಕ್ಯಾನು ತರದ ಮನೆಯವರು ನಳದ ನೀರನ್ನು ಹತ್ತು ನಿಮಿಷ ಕುದಿಸಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಬಸಿದುಕೊಳ್ಳಬಹುದು. ತಾತ್ಕಾಲಿಕ ಗಡಸುತನದ ಬಹುಭಾಗ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಮಳೆಗಾಲದ ಹೊಳೆ ನೀರು ಸವಳಲ್ಲ, ಆದರೆ ಕೆಂಪು. ಸೋಸದೆ ಟ್ಯಾಂಕಿಗೆ ಹಾಕಿದರೆ ಪಂಪಿನ ಬಾಯಿಯ ಜಾಲರಿ ಕಟ್ಟುತ್ತದೆ.

ಕೂತ ಸುಣ್ಣ ತೆಗೆಯಲು ಆಮ್ಲ ಬೇಕು. ಕಿರಾಣಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ ಸಾಕು: ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 20 ಗ್ರಾಂ, ಪೂರ್ತಿ ಕರಗಿಸಿ. ಇದಕ್ಕಿಂತ ಗಾಢವಾಗಿ, ಬಹಳ ಬಿಸಿಯಾಗಿ ಬಳಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಗಟ್ಟಿಯಾಗಿ ಕೂತು ಹೊಸ ತೊಂದರೆ ತರಬಹುದು. ದ್ರಾವಣದ ಕಾಲು ಭಾಗವನ್ನು ತಲೆಯಿಂದ, ಸ್ವಲ್ಪವನ್ನು ಹಬೆ ನಳಿಕೆಯಿಂದ ಹೊರಬಿಟ್ಟು, ಯಂತ್ರ ಆರಿಸಿ 15–20 ನಿಮಿಷ ನಿಲ್ಲಿಸಬೇಕು. ಮತ್ತೆ ಹಾಗೇ ಬಿಡುತ್ತ ಖಾಲಿ ಮಾಡಬೇಕು. ಆಮೇಲೆ ಎರಡು ಟ್ಯಾಂಕು ಒಳ್ಳೆಯ ನೀರು ಹಾಯಿಸಿದರೆ ಹುಳಿ ಹೋಗುತ್ತದೆ. ವಿನೆಗರ್ ರಬ್ಬರನ್ನು ಕೆಡಿಸಿ ವಾಸನೆ ಉಳಿಸುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಯಂತ್ರದ ಹತ್ತಿರವೂ ಬರಬಾರದು. ಅಲ್ಯುಮಿನಿಯಂ ಬಾಯ್ಲರಿನ ಯಂತ್ರಕ್ಕೆ ತಯಾರಕರು ಹೇಳಿದ ದ್ರಾವಣವನ್ನೇ ಬಳಸಬೇಕು. ಬೆರೆಸಿದ ನೀರು ಬಳಸುವ ಮನೆಯಲ್ಲಿ ಇದನ್ನು ನಾಲ್ಕೈದು ತಿಂಗಳಿಗೊಮ್ಮೆ ಮಾಡಿದರೆ ಸಾಕು, ಬೋರಿನ ನೀರನ್ನೇ ಹಾಕುವ ಮನೆಯಲ್ಲಿ ತಿಂಗಳಿಗೊಮ್ಮೆ. ಪೂರ್ತಿ ಕಟ್ಟಿದ ಮೇಲೆ ಆಮ್ಲ ಹಾಕಿದರೆ ಪದರ ಚಕ್ಕೆಚಕ್ಕೆಯಾಗಿ ಎದ್ದು ಕವಾಟಕ್ಕೆ ಸಿಕ್ಕುತ್ತದೆ, ಆದ್ದರಿಂದ ಕಟ್ಟುವ ಮುಂಚೆಯೇ ತೆಗೆಯಬೇಕು.

ಕರೆಂಟು, ಬಿಡಿಭಾಗ

ಮನೆಯ ಯಂತ್ರಗಳು 1000ದಿಂದ 1500 ವ್ಯಾಟಿನವು. 6 ಆಂಪಿಯರಿನ ಸಣ್ಣ ಸಾಕೆಟ್ 230 ವೋಲ್ಟಿನಲ್ಲಿ ತಾಳುವುದು 1380 ವ್ಯಾಟ್, ಹಾಗಾಗಿ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಸರಿ. ನೀರು ಮತ್ತು ಕರೆಂಟು ಒಂದೇ ಪೆಟ್ಟಿಗೆಯಲ್ಲಿ ಇರುವುದರಿಂದ ಅರ್ಥಿಂಗ್ ಕಡ್ಡಾಯ. 1350 ವ್ಯಾಟಿನ ಯಂತ್ರ ಹತ್ತು ನಿಮಿಷ ಪೂರ್ತಿ ಉರಿದರೂ ಕಾಲು ಯೂನಿಟ್ಟಿಗಿಂತ ಕಡಿಮೆ. ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ಹೊರಲಾರದು. ಬೇಸಿಗೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ 1350 ವ್ಯಾಟಿನ ಯಂತ್ರ ಕೊಡುವುದು ಸುಮಾರು 830 ವ್ಯಾಟಿನ ಬಿಸಿ ಮಾತ್ರ. ಸೆಕೆಂಡಿಗೆ 50 ಬಾರಿ ಬಡಿಯುವ ಪಂಪಿನ ಹೊಡೆತವೂ ಸಡಿಲವಾಗುತ್ತದೆ. ಅಂಥ ಹೊತ್ತಿನಲ್ಲಿ ಪುಡಿ, ಅದುಮು ಎಲ್ಲ ಸರಿಯಿದ್ದರೂ ಕಾಫಿ ಕೆಡುತ್ತದೆ, ದೋಷ ಕೈಯದಲ್ಲ.

ಪೋರ್ಟಾಫಿಲ್ಟರಿನ ಅಂಚಿನಿಂದ ನೀರು ಸೋರತೊಡಗಿದರೆ ವಾಷರ್ ಗಟ್ಟಿಯಾಗಿದೆ ಎಂದರ್ಥ. ದಿನಬಳಕೆಯಲ್ಲಿ ಅದು ಒಂದೆರಡು ವರ್ಷ ಬರುತ್ತದೆ. ಕೊಳ್ಳುವಾಗಲೇ ಅಳತೆ ನೋಡಿ ಒಂದನ್ನು ಹೆಚ್ಚಿಗೆ ತರಿಸಿಟ್ಟುಕೊಂಡರೆ ಹಾವೇರಿಯಿಂದ 75 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಅದಕ್ಕಾಗಿ ಹೋಗಬೇಕಿಲ್ಲ. ಪಂಪು ಸದ್ದು ಮಾಡಿಯೂ ನೀರು ಬಾರದಿದ್ದರೆ ಟ್ಯಾಂಕು ಸರಿಯಾಗಿ ಕೂತಿದೆಯೇ ನೋಡಿ, ಹಬೆ ನಳಿಕೆ ತೆರೆದು ನೀರು ಎಳೆಸಬೇಕು. ಒಳಗೆ ಗಾಳಿ ಸಿಕ್ಕಿರುವುದೇ ಹೆಚ್ಚು. ಒಣ ಪಂಪು ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಬಾರದು. ಯಂತ್ರ ಕಾಯದೇ ಹೋದರೆ ಉಷ್ಣ ಫ್ಯೂಸ್ ಹೋಗಿರುವ ಸಂಭವ ಹೆಚ್ಚು. ಅದನ್ನು ತಂತಿ ಸುತ್ತಿ ನೇರ ಮಾಡಿಕೊಡುವ ರಿಪೇರಿಯನ್ನು ಯಾರೂ ಒಪ್ಪಬಾರದು, ಆ ಫ್ಯೂಸ್ ಇರುವುದೇ ಬೆಂಕಿ ತಪ್ಪಿಸಲು. ಕೆಲವು ದಿನ ಊರಲ್ಲಿಲ್ಲದಿದ್ದರೆ ಟ್ಯಾಂಕು ಬರಿದು ಮಾಡಿ, ಪ್ಲಗ್ಗು ಕಿತ್ತಿಡಬೇಕು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಯಂತ್ರ ಕೊಳ್ಳಬೇಕೆಂದಿರುವವರು ಬಾರ್ ಲೆಕ್ಕ, ಬಣ್ಣ, ಗುಂಡಿಗಳನ್ನು ನೋಡುವ ಮೊದಲು ತಮ್ಮ ಮನೆಯ ನಳದ ನೀರನ್ನೊಮ್ಮೆ ಅಳೆಸಲಿ. ಗಡಸುತನ 175 ದಾಟಿದ್ದರೆ ಯಂತ್ರದ ಜೊತೆಗೇ ಕ್ಯಾನಿನ ನೀರಿಗೂ ವ್ಯವಸ್ಥೆ ಮಾಡಿಕೊಳ್ಳಲಿ.